ಗೇಟಿನಲ್ಲಿ ಜ್ವರ ನೋಡಿದರೆ ಸಾಕೇ?

ಪ್ರೀತಿಯ ಓದುಗರೇ,

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಅದೇ ಯೋಚನೆ. ಮಗಳ ವಿಶ್ವವಿದ್ಯಾಲಯದಲ್ಲಿ ನೇರ ತರಗತಿ ಮತ್ತೆ ಶುರುವಾಗುತ್ತಿದೆ. ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಯುತ್ತಾರೆ, ಕೈಗೆ ಸ್ಯಾನಿಟೈಸರ್ ಹಾಕುತ್ತಾರೆ, ದಿನಕ್ಕೆರಡು ಸಲ ಡೆಸ್ಕ್ ಒರೆಸುತ್ತಾರೆ. "ಕೋವಿಡ್ ತಡೆಯಲು ಇಷ್ಟು ಸಾಕಾ? ಮಗಳನ್ನು ಕಳಿಸಲಾ, ಬೇಡವಾ?" ಅಂತ ಕೇಳಿದ್ದೀರಿ.

ಕಳಿಸಿ. ಆದರೆ ಅದಕ್ಕೂ ಮುಂಚೆ ತರಗತಿಯ ಕಿಟಕಿಗಳ ಬಗ್ಗೆ ವಿಚಾರಿಸಿ.

ಥರ್ಮಾಮೀಟರ್ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಸೋಂಕು ತಗುಲಿದ ಎಷ್ಟೋ ಜನರಿಗೆ ಜ್ವರವೇ ಬರುವುದಿಲ್ಲ. ಬರುವವರಿಂದಲೂ ಒಂದೆರಡು ದಿನ ಮೊದಲೇ ಹರಡಬಹುದು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಒಂದು ಹಾಸ್ಟೆಲಿನ ಕೊಳಚೆ ನೀರು ಪರೀಕ್ಷಿಸಿದರು. ವೈರಸ್ಸಿನ ಸುಳಿವು ಸಿಕ್ಕಿತು. ಅಲ್ಲಿದ್ದ 311 ಜನರನ್ನೂ ಪರೀಕ್ಷೆ ಮಾಡಿದಾಗ ಇಬ್ಬರು ವಿದ್ಯಾರ್ಥಿಗಳಿಗೆ ಸೋಂಕಿತ್ತು, ಲಕ್ಷಣ ಮಾತ್ರ ಒಂದೂ ಇರಲಿಲ್ಲ. ಗೇಟಿನ ಥರ್ಮಾಮೀಟರ್ ಇವರನ್ನು ಹಿಡಿಯುತ್ತಿತ್ತಾ?

ಡೆಸ್ಕ್ ಒರೆಸಲಿ, ಬೇಡ ಅನ್ನುವುದಿಲ್ಲ. ಆದರೆ ಈ ರೋಗ ಮುಖ್ಯವಾಗಿ ಹರಡುವುದು ಉಸಿರಿನಿಂದ, ಗಾಳಿಯಲ್ಲಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಹಾಡುಗಾರರ ತಂಡದ 61 ಜನ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಮೊದಲೇ ಕಾಯಿಲೆ ಇದ್ದ ಒಬ್ಬರೂ ಸೇರಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ತರಗತಿಯೂ ಜನ ಸೇರಿ ಗಂಟೆಗಟ್ಟಲೆ ಕೂರುವ ಜಾಗವೇ ಅಲ್ವಾ?

ಮೊನ್ನೆ ಒಂದು ಕಾಲೇಜಿನ ತರಗತಿ ನೋಡಿ ಬಂದೆ. ನಾಲ್ಕು ಕಿಟಕಿಗಳಲ್ಲಿ ಮೂರಕ್ಕೆ ಬಣ್ಣ ಬಳಿದು ಚಿಲಕವೇ ಅಂಟಿಹೋಗಿತ್ತು. ಹಿಂದಿನ ಬೆಂಚಿಗೂ ಕೇಳಿಸಲಿ ಅಂತ ಮೇಷ್ಟ್ರು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಗಟ್ಟಿಯಾಗಿ ಪಾಠ ಮಾಡುತ್ತಿದ್ದರು. ಅವರನ್ನು ದೂರುವುದಿಲ್ಲ. ಕೈಗೊಂದು ಮೈಕ್ ಕೊಟ್ಟಿದ್ದರೆ ಮಾಸ್ಕ್ ಮೂಗಿನ ಮೇಲೇ ಇರುತ್ತಿತ್ತು. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಮಾತ್ರ ತುಂಬಿತ್ತು. ನೋಡಿ ಸಂಕಟವಾಯಿತು.

ಗಾಳಿ ಆಡುತ್ತಿದೆಯಾ ಅಂತ ತಿಳಿಯಲು ಪುಟ್ಟ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಾಕು. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ, ಇರುತ್ತದೆ. ತುಂಬಿದ ತರಗತಿಯಲ್ಲಿ ಅದು 800 ದಾಟಿ ಏರುತ್ತಲೇ ಹೋದರೆ, ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಕಿಟಕಿ ತೆಗೆಯಲು ಆಗದ ಕಡೆ, ಗಾಳಿಯಲ್ಲಿನ ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಇಡಬೇಕು.

ನನಗೆ ಇದಕ್ಕಿಂತಲೂ ಜಾಸ್ತಿ ಕಾಡುವುದು ಹಾಜರಿಯ ನಿಯಮ. ರಾತ್ರಿ ಮೈ ಬಿಸಿಯಾದ ಹುಡುಗ ಬೆಳಗ್ಗೆ ಪ್ಯಾರಾಸಿಟಮಾಲ್ ನುಂಗಿ ತರಗತಿಗೆ ಬರುತ್ತಾನೆ. ಯಾಕೆ? ಹಾಜರಿ ಹೋಗುತ್ತದೆ, ಇಂಟರ್ನಲ್ಸ್ ತಪ್ಪುತ್ತದೆ ಅನ್ನುವ ಭಯ. ಮಾತ್ರೆಗೆ ಜ್ವರ ಇಳಿದಿರುತ್ತದೆ, ಗೇಟಿನಲ್ಲಿ ಸುಮ್ನೆ ಒಳಗೆ ಬಿಡುತ್ತಾರೆ. ಹುಷಾರಿಲ್ಲದವರು ಭಯವಿಲ್ಲದೆ ರೂಮಿನಲ್ಲಿ ಉಳಿಯುವಂತಿರಬೇಕು. ಪಾಠದ ರೆಕಾರ್ಡಿಂಗ್ ಸಿಗಬೇಕು, ಪರೀಕ್ಷೆ ಮತ್ತೊಮ್ಮೆ ಬರೆಯಲು ಬಿಡಬೇಕು. ಹಾಸ್ಟೆಲಿನಲ್ಲಿ ಬೇರೆ ಕೋಣೆ ಬೇಕು, ಊಟ ಬಾಗಿಲಿಗೇ ಬರಬೇಕು.

ಮಗಳಿಗೆ ಲಸಿಕೆ ಹಾಕಿಸಿ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಕೊಡಿ. ಕಿಟಕಿ, ಮೈಕ್, ಹಾಜರಿ, ಈ ಮೂರರ ಬಗ್ಗೆ ರಿಜಿಸ್ಟ್ರಾರ್‌ಗೆ ಪತ್ರ ಬರೆಯಿರಿ. ಬೇರೆ ಪೋಷಕರ ಸಹಿಯನ್ನೂ ಹಾಕಿಸಿ. ಅವರು ಏನು ಹೇಳಿದರು ಅಂತ ನಮಗೂ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ