ಒಂದ್ಸಲ ಬಂದ ಆರ್‌ಎಸ್‌ವಿ ಮತ್ತೆ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಈಗ 5 ತಿಂಗಳು. ಮೂರನೇ ತಿಂಗಳಲ್ಲಿ ನೆಗಡಿ ಅಂತ ಶುರುವಾಗಿ ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋಗ್ತಿತ್ತು, ನಾಲ್ಕು ದಿನ ಆಕ್ಸಿಜನ್ ಕೊಟ್ರು, ಉಸಿರಾಟದ ದಾರಿಗೆ ತಗುಲೋ ಆರ್‌ಎಸ್‌ವಿ ವೈರಸ್ ಅಂದ್ರು. ಒಂದ್ಸಲ ಬಂದ್ಮೇಲೆ ದಡಾರದ ಥರ ಮತ್ತೆ ಬರಲ್ಲ ಅಲ್ವಾ? ನನ್ನಿಂದ ಅವಳಿಗೆ ಆಂಟಿಬಾಡಿ ಸರಿಯಾಗಿ ಹೋಗ್ಲಿಲ್ವಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ತಪ್ಪೇನೂ ಇಲ್ಲಮ್ಮ, ಅದನ್ನ ಮೊದಲು ಮನಸ್ಸಿಂದ ತೆಗೆದುಬಿಡಿ. ಬಸುರಿನ ಕೊನೇ ತಿಂಗಳುಗಳಲ್ಲಿ ತಾಯಿಯ ಆಂಟಿಬಾಡಿ, ಅಂದ್ರೆ ರೋಗಾಣು ವಿರುದ್ಧ ಹೋರಾಡೋ ಪ್ರೋಟೀನ್, ಮಾಸಿನ ಮೂಲಕ ಕೂಸಿಗೆ ಹೋಗೇ ಹೋಗುತ್ತೆ, ಆದ್ರೆ ಹುಟ್ಟಿದ್ಮೇಲೆ ಅದು ಹೆಚ್ಚುಕಡಿಮೆ ತಿಂಗಳಿಗೊಂದ್ಸಲ ಅರ್ಧಕ್ಕಿಳಿಯುತ್ತೆ, ಮೂರನೇ ತಿಂಗಳಿಗೆ ಸುಮಾರು ಎಂಟರಲ್ಲೊಂದು ಪಾಲು ಉಳಿಯುತ್ತೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಸಿಗೋದೇ ಕಮ್ಮಿ.

ಮತ್ತೆ ಬರಬಹುದು, ಇದು ದಡಾರದ ಥರ ಅಲ್ಲ. ಆರು ತಿಂಗಳೊಳಗಿನ ಕೂಸು ತಾನಾಗಿ ಮಾಡೋ ಆಂಟಿಬಾಡಿ ಕಮ್ಮಿ, ಬೇಗ ಇಳಿದೂ ಹೋಗುತ್ತೆ, ಯಾಕಂದ್ರೆ ಅದರ ದೇಹ ಇನ್ನೂ ಕಲೀತಿರುತ್ತೆ, ಜೊತೆಗೆ ಅಮ್ಮನಿಂದ ಬಂದದ್ದು ಉಳಿದಿದ್ರೆ ಆ ಆಂಟಿಬಾಡಿಯೇ ವೈರಸ್ಸನ್ನ ಮುಚ್ಚಿಕೊಂಡು ಕೂಸಿನ ಸ್ವಂತ ಕೆಲಸಕ್ಕೆ ಅಡ್ಡ ಬರುತ್ತೆ. ಆದ್ರೂ ಎರಡನೇ ಸಲ ಸಾಮಾನ್ಯವಾಗಿ ಅಷ್ಟು ಜೋರಾಗಿ ಬರಲ್ಲ.

ಆಂಟಿಬಾಡಿ ಟೆಸ್ಟ್ ಮಾಡಿಸ್ಲಾ ಅಂತ ಯೋಚಿಸ್ಬೇಡಿ, ಎಷ್ಟಿದೆ ಅನ್ನೋದಕ್ಕಿಂತ ಎಂಥದ್ದು ಅನ್ನೋದೇ ಮುಖ್ಯ. 1966ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಆರ್‌ಎಸ್‌ವಿ ವೈರಸ್ಸನ್ನ ಫಾರ್ಮಲಿನ್ ಅನ್ನೋ ರಾಸಾಯನಿಕದಿಂದ ನಿಷ್ಕ್ರಿಯ ಮಾಡಿ ತಯಾರಿಸಿದ ಲಸಿಕೆ ಕೊಟ್ರು, ಕೂಸುಗಳಲ್ಲಿ ಆಂಟಿಬಾಡಿ ಏನೋ ಬಂತು, ಅದು ವೈರಸ್ಸಿಗೆ ಅಂಟಿಕೊಳ್ತಿತ್ತೇ ಹೊರತು ತಡೀತಿರ್ಲಿಲ್ಲ, ಆಮೇಲೆ ಸೋಂಕು ತಗುಲಿದ ಲಸಿಕೆ ಪಡೆದ ಮಕ್ಕಳಲ್ಲಿ 100ಕ್ಕೆ 80ರಷ್ಟು ಆಸ್ಪತ್ರೆ ಸೇರಿದ್ರು, ಎರಡು ಕೂಸು ತೀರಿಹೋದ್ವು. ಇದನ್ನ ಓದಿದಾಗಲೆಲ್ಲ ಸಂಕಟ ಆಗುತ್ತೆ. ವೈರಸ್ಸಿನ ಮೇಲಿರೋ ಎಫ್ ಪ್ರೋಟೀನ್ ಜೀವಕೋಶಕ್ಕೆ ಬೆಸೆಯೋ ಮುಂಚೆ ಒಂದು ಆಕಾರದಲ್ಲಿರುತ್ತೆ, ಆಮೇಲೆ ಬೇರೆ ಆಕಾರಕ್ಕೆ ತಿರುಗುತ್ತೆ, ಆ ಮೊದಲನೇ ಆಕಾರವನ್ನ ಹಿಡಿಯೋ ಆಂಟಿಬಾಡಿಯೇ ಚೆನ್ನಾಗಿ ಕಾಯೋದು ಅಂತ 2013ರ ಹೊತ್ತಿಗೆ ಸ್ಪಷ್ಟವಾಯ್ತು. ಈ ತಿಳುವಳಿಕೆ ಮೇಲೇ ಕಟ್ಟಿದ ಗರ್ಭಿಣಿಯರ ಲಸಿಕೆಗೂ ಕೂಸಿಗೆ ನೇರವಾಗಿ ಕೊಡೋ ನಿರ್ಸೆವಿಮ್ಯಾಬ್ ಅನ್ನೋ ಸಿದ್ಧ ಆಂಟಿಬಾಡಿ ಇಂಜೆಕ್ಷನ್‌ಗೂ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ತು. ನಿಮ್ಮ ಮಗಳಿಗೆ ಬೇಕಾ ಅಂತ ನಿಮ್ಮ ಮಕ್ಕಳ ಡಾಕ್ಟ್ರನ್ನೇ ಕೇಳಿ.

ಎದೆಹಾಲು ನಿಲ್ಲಿಸ್ಬೇಡಿ. ನೆಗಡಿ ಇರೋರು ಎಷ್ಟೇ ಹತ್ತಿರದ ನೆಂಟರಾದ್ರೂ ಮುತ್ತು ಕೊಡೋಕೆ ಬಿಡ್ಬೇಡಿ. ಹಾಲು ಕುಡಿಯೋದು ಅರ್ಧಕ್ಕಿಳಿದ್ರೆ, ಪಕ್ಕೆ ಮತ್ತೆ ಒಳಕ್ಕೆ ಹೋಗ್ತಿದ್ರೆ, ತುಟಿ ನೀಲಿ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆ ರಾತ್ರೀನೇ ಹೊರಡಿ.