ಸ್ಟ್ರೈಟ್ ಪೂಲ್‌ನ ಬ್ರೇಕ್ ಶಾಟ್‌ನಲ್ಲಿ ಕ್ಯೂ ಬಾಲ್‌ಗೆ ಯಾವ ಸ್ಪಿನ್ ಕೊಡಬೇಕು?

ಸ್ಟ್ರೈಟ್ ಪೂಲ್‌ನಲ್ಲಿ (ಬಿಲಿಯರ್ಡ್ಸ್ ಬಗೆಯ ಒಂದು ಮೇಜಿನ ಆಟ) ಹದಿನಾಲ್ಕು ಚೆಂಡುಗಳನ್ನು ಮತ್ತೆ ತ್ರಿಕೋನಾಕಾರದಲ್ಲಿ ಜೋಡಿಸಿ ರ‍್ಯಾಕ್ ಮಾಡಿದಾಗ, ಹೊರಗುಳಿದ ಹದಿನೈದನೆಯ ಚೆಂಡನ್ನು ಪಾಕೆಟ್‌ಗೆ ಕಳುಹಿಸುತ್ತಲೇ, ಕೋಲಿನಿಂದ ಹೊಡೆಯುವ ಬಿಳಿ ಚೆಂಡಾದ ಕ್ಯೂ ಬಾಲ್‌ನಿಂದ ಗುಂಪನ್ನು ಒಡೆಯಬೇಕಾಗುತ್ತದೆ. ಆಗ ಫಾಲೋ (ಮುಂದೊತ್ತುವ ತಿರುಗು) ಸರಿಯೋ ಡ್ರಾ (ಹಿಂದಕ್ಕೆಳೆಯುವ ತಿರುಗು) ಸರಿಯೋ ಎಂಬುದನ್ನು ನಿರ್ಧರಿಸುವುದು, ಕ್ಯೂ ಬಾಲ್ ಗುಂಪಿನ ಯಾವ ಚೆಂಡಿನ ಯಾವ ಭಾಗಕ್ಕೆ ತಗಲುತ್ತದೆ ಎಂಬ ಅಂಶ.

ಬ್ರೇಕ್ ಚೆಂಡು, ಅಂದರೆ ಆ ಹದಿನೈದನೆಯ ಚೆಂಡು, ರ‍್ಯಾಕಿನ ಪಕ್ಕದಲ್ಲಿದೆ ಎಂದುಕೊಳ್ಳಿ. ಕ್ಯೂ ಬಾಲ್ ತಗಲುವ ಜಾಗವು ಗುಂಪಿನ ಆ ಚೆಂಡಿನ ನಡುವಿಗಿಂತ ಮೇಜಿನ ಹೆಡ್ ತುದಿಯ (ರ‍್ಯಾಕ್ ಇರುವ ತುದಿಗೆ ಎದುರಿನದು) ಕಡೆಗಿದ್ದರೆ, ಅದು ಸಹಜವಾಗಿಯೇ ಆ ಕಡೆಗೆ ಸಿಡಿಯುತ್ತದೆ. ಡ್ರಾ ಕೊಟ್ಟರೆ ಗುಂಪಿನಿಂದ ಬಿಡಿಸಿಕೊಂಡು ಮೇಜಿನ ನಡುವಿಗೆ ಬರುತ್ತದೆ. ಫುಟ್ ಕುಷನ್ (ರ‍್ಯಾಕಿನ ಹಿಂದಿರುವ ಮೇಜಿನ ಅಂಚು) ಕಡೆಯ ಭಾಗಕ್ಕೆ ತಗಲುವುದಾದರೆ ಫಾಲೋ ಮೇಲು, ಏಕೆಂದರೆ ಮುಂದೊತ್ತುವ ಆ ತಿರುಗು ಚೆಂಡನ್ನು ಕುಷನ್‌ವರೆಗೆ ಒಯ್ದು ಹೊರತರುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ನೇರ ನಡುವಿಗೆ ಬೀಳುವ ಪೆಟ್ಟು: ಕ್ಯೂ ಬಾಲ್ ತನ್ನ ವೇಗವನ್ನೆಲ್ಲ ಒಪ್ಪಿಸಿ ಗುಂಪಿಗೇ ಅಂಟಿಕೊಂಡು ನಿಲ್ಲುತ್ತದೆ. ಅಲ್ಲಿ ಸ್ಟನ್ ಹೊಡೆತವನ್ನು (ಮುಂದಕ್ಕೂ ಹಿಂದಕ್ಕೂ ತಿರುಗಿಲ್ಲದೆ ತಾಗುವ ಹೊಡೆತ) ನಾನಂತೂ ಆರಿಸುವುದಿಲ್ಲ. ಗಟ್ಟಿ ಫಾಲೋ ಅಥವಾ ಗಟ್ಟಿ ಡ್ರಾ, ಎರಡರಲ್ಲೊಂದು ಬೇಕೇ ಬೇಕು.

ದೂರವನ್ನೂ ಮರೆಯಬಾರದು. ಬಟ್ಟೆಯ ಘರ್ಷಣೆಯಿಂದ ಡ್ರಾ ಸವೆಯುತ್ತಾ ಹೋಗುವುದರಿಂದ, ಬ್ರೇಕ್ ಚೆಂಡು ದೂರದಲ್ಲಿದ್ದರೆ ಕ್ಯೂ ಬಾಲ್‌ನ ಇನ್ನೂ ಕೆಳಭಾಗಕ್ಕೆ ಹೊಡೆಯಬೇಕು.

ಸೈಡ್ ಸ್ಪಿನ್‌ನ ಮುಖ್ಯ ಕೆಲಸವಿರುವುದು ಕುಷನ್‌ನಲ್ಲಿ. ಬ್ರೇಕ್ ಚೆಂಡು ರ‍್ಯಾಕಿನ ಹಿಂದಿದ್ದು, ಕ್ಯೂ ಬಾಲ್ ಕುಷನ್‌ಗೆ ತಾಗಿಯೇ ಗುಂಪಿನತ್ತ ಮರಳಬೇಕಾದಾಗ, ಅದು ಸಾಗುವ ದಿಕ್ಕಿಗೆ ಒದಗುವ ಸೈಡ್ ಸ್ಪಿನ್ ಕೋನವನ್ನು ಅಗಲಿಸಿ ವೇಗವನ್ನು ಉಳಿಸುತ್ತದೆ. ಪಕ್ಕದ ಬ್ರೇಕ್‌ನಲ್ಲಿ ಅದನ್ನು ಹೆಚ್ಚು ಬಳಸಿದರೆ ಗುರಿಯೇ ತಪ್ಪೀತು.