ಹಳೆಯ ಎಸ್‌ಜೆ410ಕ್ಕೆ ಸಮುರಾಯ್ ಆಕ್ಸಲ್ ಹಾಕಿದರೆ ಇರುವ ಬ್ರೇಕ್ ಸಾಕಾಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಹಳೆಯ ಸುಜುಕಿ ಎಸ್‌ಜೆ410 ಜೀಪು ಇದೆ. ಸುಜುಕಿಯದೇ ನಂತರದ ಮಾದರಿ ಸಮುರಾಯ್‌ನ ಆಕ್ಸಲ್ (ಎಡ ಬಲ ಚಕ್ರ ಸೇರಿಸುವ ಅಚ್ಚು) ಜೋಡಿ ಸಿಕ್ಕಿದೆ, ಮುಂದಿನದಕ್ಕೆ ಡಿಸ್ಕ್ ಇದೆ. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದರೆ ಮುಗಿಯಿತಾ, ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲೇ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪಿಗೆ ತಳ್ಳುವ ಭಾಗ) ನಡೆಯುತ್ತದಾ ಅಂತ.

ನಾನು ಇದೇ ಕೆಲಸ ಮಾಡಿದ್ದೇನೆ. ಆಕ್ಸಲ್‌ಗೆ ಹಿಡಿದದ್ದು ಎರಡು ದಿನ. ಬ್ರೇಕಿಗೆ ಮೂರು ವಾರ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಬರೀ ಆಕ್ಸಲ್ ತರಬೇಡಿ. ಅದೇ ಗಾಡಿಯ ಮಾಸ್ಟರ್ ಸಿಲಿಂಡರ್, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್, ಹಿಂದಿನ ಬ್ರೇಕಿನ ಒತ್ತಡ ಹತೋಟಿಯಲ್ಲಿಡುವ ವಾಲ್ವ್, ಹೋಸ್‌ಗಳು, ಹ್ಯಾಂಡ್‌ಬ್ರೇಕ್ ಕೇಬಲ್, ಎಲ್ಲಾ ಒಟ್ಟಿಗೆ ಬಿಚ್ಚಿಸಿಕೊಂಡು ಬನ್ನಿ. ಒಂದೊಂದೇ ಹುಡುಕಿ ಹೊಂದಿಸುತ್ತಾ ಕೂತರೆ ನನ್ನ ಗತಿಯೇ ನಿಮಗೂ.

ಆಕ್ಸಲ್ ವಿಷಯ ಬೇಗ ಮುಗಿಸುತ್ತೇನೆ. ಸಮುರಾಯ್ ಆಕ್ಸಲ್ ಸುಮಾರು ಹತ್ತು ಸೆಂಟಿಮೀಟರ್ ಜಾಸ್ತಿ ಅಗಲ. ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಟೈರ್ ಮಡ್‌ಗಾರ್ಡ್‌ನಿಂದ ಆಚೆ ಬರಬಹುದು. ಗೇರ್ ಅನುಪಾತವೂ, ಅಂದರೆ ಚಕ್ರ ಒಂದು ಸುತ್ತು ಬರಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವುದೂ, ಬೇರೆ. ಎಸ್‌ಜೆ410ರಲ್ಲಿ 4.11, ಸಮುರಾಯ್‌ನಲ್ಲಿ 3.73. ಅಂದರೆ ಗಾಡಿ ಸುಮಾರು ಶೇಕಡಾ 10ರಷ್ಟು ಉದ್ದ ಗೇರ್‌ನಲ್ಲಿ ಓಡುತ್ತದೆ: ಎಂಜಿನ್‌ನ ಅಷ್ಟೇ ಸುತ್ತಿಗೆ ವೇಗ ಜಾಸ್ತಿ, ಎಳೆತ ಕಡಿಮೆ. 970 ಸಿಸಿ ಎಂಜಿನ್‌ಗೆ ಏರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ದೊಡ್ಡ ಟೈರ್ ಬೇರೆ ಹಾಕಿದ್ದರೆ ಕೇಳಲೇಬೇಡಿ. ಸ್ಪೀಡೋಮೀಟರ್‌ಗೆ ಸುತ್ತು ಬರುವುದು ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ನಿಂದ, ಆಕ್ಸಲ್‌ನಿಂದ ಅಲ್ಲ. ಹಾಗಾಗಿ ಅದು ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ನೆನಪಿರಲಿ.

ಡಿಸ್ಕ್ ಸಿಗಲಿ ಅಂತ ಮುಂದಿನ ಆಕ್ಸಲ್ ಒಂದನ್ನೇ ಬದಲಿಸುವ ಆಸೆ ಬೇಡ. ಹಿಂದೆ 4.11, ಮುಂದೆ 3.73 ಇದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಜಗಳಕ್ಕೆ ಬೀಳುತ್ತವೆ, ಏಟು ತಿನ್ನುವುದು ಟ್ರಾನ್ಸ್‌ಫರ್ ಕೇಸ್. ಸಿಕ್ಕಿರುವ ಜೋಡಿ ನಿಜಕ್ಕೂ ಜೋಡಿಯೇ ಅಂತ ತರುವ ಮೊದಲೇ ನೋಡಿಕೊಳ್ಳಿ. ಒಂದು ಬದಿಯ ಹಬ್ ತಿರುಗದಂತೆ ಹಿಡಿಯಿರಿ. ಇನ್ನೊಂದು ಬದಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಆ ಶಾಫ್ಟ್ ಬಂದು ಸೇರುವ ಪಿನಿಯನ್ ಫ್ಲ್ಯಾಂಜ್ ಎಷ್ಟು ಸುತ್ತು ಬಂತು ಎಣಿಸಿ. ಮೂರೂ ಮುಕ್ಕಾಲಿನ ಹತ್ತಿರ ನಿಂತರೆ 3.73, ನಾಲ್ಕು ದಾಟಿದರೆ 4.11. ಮುಂದಿನ ಆಕ್ಸಲ್‌ನಲ್ಲಿ ಫ್ರೀವೀಲ್ ಹಬ್ (ಬೇಡದಾಗ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸಿಡುವ ಹಬ್) ಇದ್ದರೆ ಮೊದಲು ಎರಡನ್ನೂ ಲಾಕ್ ಮಾಡಿ. ನಾನು ಇದನ್ನು ಮರೆತು, ಡಿಫರೆನ್ಷಿಯಲ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಸ್ಪ್ರಿಂಗ್ ಕೂರುವ ಜಾಗದ ಅಂತರ, ಫ್ಲ್ಯಾಂಜ್‌ನ ಬೋಲ್ಟ್ ತೂತುಗಳ ಅಂತರ, ಇವೆರಡನ್ನೂ ಟೇಪ್ ಹಿಡಿದು ಅಳೆಯಿರಿ. ಬಾಯಿಮಾತು ನಂಬಬೇಡಿ.

ಈಗ ಬ್ರೇಕಿಗೆ ಬರೋಣ.

ಡ್ರಮ್‌ನಲ್ಲಿ ಒಂದು ಉಪಾಯ ಇದೆ. ಡ್ರಮ್ ತಿರುಗುವ ರಭಸಕ್ಕೆ ಮುಂದಿನ ಶೂ (ಡ್ರಮ್‌ಗೆ ಒಳಗಿನಿಂದ ಒತ್ತುವ ಪಟ್ಟಿ) ತಾನೇ ಒಳಗೆ ಎಳೆದುಕೊಂಡು ಇನ್ನಷ್ಟು ಬಿಗಿಯುತ್ತದೆ. ಡಿಸ್ಕ್‌ನಲ್ಲಿ ಆ ಸಹಾಯ ಇಲ್ಲ, ನೀವು ಒತ್ತಿದಷ್ಟೇ. ಅದಕ್ಕೇ ಬೂಸ್ಟರ್ ಇಲ್ಲದ ಡ್ರಮ್ ಗಾಡಿಗೆ ಡಿಸ್ಕ್ ಹಾಕಿದವರು, ಕಾಲೆಲ್ಲಾ ನೋವು, ಗಾಡಿ ನಿಲ್ಲುವುದಿಲ್ಲ ಅನ್ನುತ್ತಾರೆ. ಡಿಸ್ಕ್ ಕೆಟ್ಟದ್ದಲ್ಲ, ಅದಕ್ಕೆ ಬೇಕಾದ ಒತ್ತಡ ಹೋಗುತ್ತಿಲ್ಲ.

ಹಾಗಾದರೆ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರಾಯಿತು ಅಂತ ಎಲ್ಲರಿಗೂ ಅನಿಸುತ್ತದೆ, ನನಗೂ ಅನಿಸಿತ್ತು. ಇಲ್ಲಿ ಲೆಕ್ಕ ಉಲ್ಟಾ. 19 ಮಿ.ಮೀ. ಬೋರ್, ಅಂದರೆ ಒಳವ್ಯಾಸದ ಸಿಲಿಂಡರ್ ತೆಗೆದು 22 ಮಿ.ಮೀ. ಹಾಕಿದರೆ ಪೆಡಲ್‌ನ ಒಂದೊಂದು ಒತ್ತಿಗೂ ಮೂರನೇ ಒಂದು ಭಾಗ ಜಾಸ್ತಿ ಎಣ್ಣೆ ಹೋಗುತ್ತದೆ. ಆದರೆ ಅಷ್ಟೇ ಕಾಲಿನ ಬಲಕ್ಕೆ ಒತ್ತಡ ಮುಕ್ಕಾಲಿಗೆ ಇಳಿಯುತ್ತದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಗಾಡಿ ಮಾತ್ರ ಮುಂದೆ ಮುಂದೆ. ಬೋರ್ ಚಿಕ್ಕದಾದರೆ ಒತ್ತಡ ಚೆನ್ನಾಗಿರುತ್ತದೆ, ಆದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ತುಂಬುವ ಮೊದಲೇ ಪೆಡಲ್ ನೆಲ ಮುಟ್ಟಬಹುದು. ಸಮುರಾಯ್‌ನದೇ ಸಿಲಿಂಡರ್ ಮತ್ತು ಬೂಸ್ಟರ್ ತನ್ನಿ ಅಂದದ್ದು ಇದಕ್ಕೇ. ಆ ಲೆಕ್ಕವನ್ನು ಕಾರ್ಖಾನೆಯವರು ಆಗಲೇ ಹಾಕಿದ್ದಾರೆ.

ಡ್ರಮ್‌ಗೆಂದು ಮಾಡಿದ ಹಲವು ಮಾಸ್ಟರ್ ಸಿಲಿಂಡರ್‌ಗಳಲ್ಲಿ, ಕಾಲು ತೆಗೆದ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಚಿಕ್ಕ ವಾಲ್ವ್ ಇರುತ್ತದೆ. ಡ್ರಮ್‌ಗೆ ಅದು ಒಳ್ಳೆಯದು. ಅದೇ ಡಿಸ್ಕ್‌ಗೆ ಹೋದರೆ ಪ್ಯಾಡ್ ಬಿಡುವುದೇ ಇಲ್ಲ, ಉಜ್ಜುತ್ತಲೇ ಇರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಇಳಿದು ಮುಂದಿನ ಚಕ್ರದ ಹತ್ತಿರ ಕೈ ತನ್ನಿ. ಮುಟ್ಟುವ ಮೊದಲೇ ಕಾವು ತಟ್ಟಿದರೆ ಮೊದಲು ಈ ವಾಲ್ವ್ ಮೇಲೆ ಅನುಮಾನ ಪಡಿ.

ಇನ್ನು ನನ್ನ ಮೂರು ವಾರದಲ್ಲಿ ಒಂದು ವಾರ ಹೋದ ಕಥೆ. ಪೆಡಲ್ ಸ್ಪಂಜಿನ ಹಾಗಿತ್ತು. ಎರಡು ಬಾಟಲಿ ಎಣ್ಣೆ ಸುರಿದು ಬ್ಲೀಡ್ ಮಾಡಿದೆ, ಅಂದರೆ ಪೈಪಿನ ಗಾಳಿ ಹೊರಹಾಕಲು ನೋಡಿದೆ. ಮಾಸ್ಟರ್ ಸಿಲಿಂಡರ್ ಬಿಚ್ಚಿ ಸೀಲ್ ಬದಲಿಸಿದೆ. ಊಹೂಂ. ಕೊನೆಗೆ ಗೆಳೆಯನೊಬ್ಬ ಕೆಳಗೆ ಬಗ್ಗಿ ನೋಡಿ ನಕ್ಕುಬಿಟ್ಟ. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೆ. ಎರಡೂ ನೀಟಾಗಿ ಕೂತಿದ್ದವು, ಬ್ಲೀಡ್ ನಿಪ್ಪಲ್ ಮಾತ್ರ ಕೆಳಗಿತ್ತು. ಗಾಳಿ ಮೇಲೆ ನಿಲ್ಲುತ್ತದೆ ಅಲ್ವಾ? ಕೆಳಗಿನಿಂದ ಎಷ್ಟು ತೆಗೆದರೂ ಬರುವುದು ಎಣ್ಣೆಯೇ. ನಿಪ್ಪಲ್ ಯಾವಾಗಲೂ ಮೇಲೆ ಇರಬೇಕು.

ಪೈಪ್ ನಟ್ ವಿಷಯದಲ್ಲಿ ಇದಕ್ಕಿಂತ ಅಪಾಯದ ಮೋಸ ಇದೆ. ಸುಜುಕಿಯದು ಮೆಟ್ರಿಕ್, ಎಂ10, ಒಂದು ಮಿಲಿಮೀಟರ್ ಪಿಚ್ (ಎಳೆಗಳ ನಡುವಿನ ಅಂತರ). ಇಂಚಿನ ಲೆಕ್ಕದ ಎಂಟನೇ ಮೂರರ ನಟ್, ಅಂದರೆ ಇಂಚಿಗೆ 24 ಎಳೆಯದು, ಇದರೊಳಗೆ ಸುಮ್ನೆ ಹೋಗಿಬಿಡುತ್ತದೆ. ಬಿಗಿಯಾದ ಹಾಗೂ ಅನಿಸುತ್ತದೆ. ಆದರೆ ಅದರ ವ್ಯಾಸ ಅರ್ಧ ಮಿಲಿಮೀಟರ್‌ನಷ್ಟು ಕಡಿಮೆ, ಜೋರಾಗಿ ಒತ್ತಿದ ದಿನ ಕಿತ್ತುಕೊಂಡು ಬರಬಹುದು. ಬೇರೆ ಗಾಡಿಯ ಹೋಸ್ ಸೇರಿಸುವುದಿದ್ದರೆ ಪಿಚ್ ಗೇಜ್ ಇಟ್ಟೇ ನೋಡಿ.

ಹೋಸ್ ಉದ್ದ ನೋಡಲು ಗಾಡಿಯ ಚಾಸಿ ಎತ್ತಿ, ಆಕ್ಸಲ್ ಪೂರ್ತಿ ಜೋತುಬೀಳಲಿ. ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಎಲ್ಲೂ ಎಳೆಯಬಾರದು, ಟೈರಿಗೂ ತಾಗಬಾರದು. ಗಾಡಿಯನ್ನು ಎತ್ತರ ಮಾಡಿಸಿದ್ದರೆ ಹಿಂದಿನ ಬ್ರೇಕಿನ ಒತ್ತಡ ಹತೋಟಿಯಲ್ಲಿಡುವ ವಾಲ್ವ್‌ನ ಕಡ್ಡಿಯನ್ನೂ ಅಷ್ಟಕ್ಕೆ ಹೊಂದಿಸಿ. ಅದು ಗಾಡಿ ಮತ್ತು ಆಕ್ಸಲ್ ನಡುವಿನ ಅಂತರ ನೋಡಿ ಭಾರ ಅಂದಾಜು ಮಾಡುತ್ತದೆ. ಅಂತರ ಜಾಸ್ತಿಯಾದರೆ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡಿಬಿಡುತ್ತದೆ. ಹಾಗಂತ ವಾಲ್ವನ್ನೇ ಕಿತ್ತು ನೇರ ಪೈಪ್ ಎಳೆಯುವವರೂ ಇದ್ದಾರೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುವುದು ಅಂಥವರದೇ.

ಹ್ಯಾಂಡ್‌ಬ್ರೇಕ್ ನಿಮ್ಮದರಲ್ಲಿ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರಾಪೆಲ್ಲರ್ ಶಾಫ್ಟ್ ಮೇಲಿನ ಡ್ರಮ್‌ನದಾಗಿದ್ದರೆ ಹಾಗೇ ಬಿಡಿ, ಕೆಲಸ ಉಳಿಯಿತು. ಆದರೆ ಕೆಲಸ ಮಾಡುವಾಗ ಅದನ್ನು ನಂಬಿ ಹಿಂದಿನ ಒಂದು ಚಕ್ರ ಜಾಕ್ ಮೇಲೆ ಎತ್ತಬೇಡಿ. ಎತ್ತಿದ ಚಕ್ರ ಉಲ್ಟಾ ತಿರುಗಿ ಗಾಡಿ ಉರುಳುತ್ತದೆ. ಚಕ್ರಕ್ಕೆ ಕಲ್ಲು ಕೊಡಿ.

ಮೊದಲ ಓಟ ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ ಆಗಲಿ. ಒಂದು ವಾರ ಓಡಿಸಿದ ಮೇಲೆ ಆಕ್ಸಲನ್ನು ಸ್ಪ್ರಿಂಗ್‌ಗೆ ಹಿಡಿದಿಡುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ. ನನ್ನವು ಪ್ರತಿಯೊಂದೂ ಅರ್ಧ ಸುತ್ತು ತಿರುಗಿದವು.